ಪೌರತ್ವ ಒಂದೇ, ನೆಲೆ ಬೇರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ಗೋವೆಗೆ ಗುಳೆ ಹೋಗುವುದು ಹೊಸದೇನೂ ಅಲ್ಲ. ಮಳೆ ಕೈಕೊಟ್ಟ ವರ್ಷಗಳು ಹಲವರನ್ನು ಊರು ಬಿಡಿಸಿದವು. ಆಲಮಟ್ಟಿಯ ಹಿನ್ನೀರು ಕೆಲವರ ಹೊಲಮನೆಗಳನ್ನೇ ನುಂಗಿತು. ವಾಸ್ಕೊ, ಮಡಗಾಂವಗಳ ಕಟ್ಟಡಗಳಿಗೆ ಕಲ್ಲು, ಗಾರೆ ಹೊತ್ತವರಲ್ಲಿ ಈ ಭಾಗದವರು ಅನೇಕರು.

ಸಂವಿಧಾನದ ದೃಷ್ಟಿಯಲ್ಲಿ ಇವರು ಪರದೇಶಿಗಳಲ್ಲ. ನಮ್ಮಲ್ಲಿ ರಾಜ್ಯಕ್ಕೊಂದು ಪೌರತ್ವವಿಲ್ಲ. ದೇಶದ ಯಾವುದೇ ಭಾಗದಲ್ಲಿ ನೆಲೆಸುವ ಹಕ್ಕನ್ನು 19ನೆಯ ವಿಧಿ ಪೌರರೆಲ್ಲರಿಗೂ ನೀಡಿದೆ. ಆದರೂ ಊರಿನ ಪಡಿತರ ಚೀಟಿ ಘಟ್ಟ ಇಳಿದೊಡನೆ ಬರಿಯ ಕಾಗದವಾಗುತ್ತಿತ್ತು. ಕರ್ನಾಟಕ, ಗೋವೆಗಳೂ ಸೇರಿ 12 ರಾಜ್ಯಗಳು ಪರಸ್ಪರ ಚೀಟಿಗಳನ್ನು ಮಾನ್ಯ ಮಾಡಿದ್ದು 2020ರ ಜನವರಿಯಲ್ಲಿ. ಗೋವೆಯಲ್ಲಿ ಸರ್ಕಾರಿ ನೌಕರಿಗೆ 15 ವರ್ಷಗಳ ವಾಸದ ಪ್ರಮಾಣಪತ್ರ ಬೇಕು. ‘ಘಾಟಿ’ ಎಂದು ಹಂಗಿಸಲು ಮಾತ್ರ ಯಾವ ಪತ್ರವೂ ಬೇಡ! 2004ರಲ್ಲಿಯೂ 2015ರಲ್ಲಿಯೂ ಬೈನಾ ಕಡಲತೀರದ ಕನ್ನಡಿಗರ ಮನೆಗಳನ್ನು ಅತಿಕ್ರಮಣವೆಂದು ಕೆಡವಲಾಯಿತು.

ಗೋವೆಯವರ ಆತಂಕ ಸುಳ್ಳೆಂದು ನಾವು ಹೇಳುವುದಿಲ್ಲ. 1967ರ ಜನಮತದಲ್ಲಿ ಮಹಾರಾಷ್ಟ್ರದೊಡನೆ ವಿಲೀನವಾಗಲು ಒಪ್ಪದೆ, 1987ರಲ್ಲಿ ಕೊಂಕಣಿಗೆ ರಾಜಭಾಷೆಯ ಸ್ಥಾನವನ್ನೂ ತಮ್ಮ ನಾಡಿಗೆ ರಾಜ್ಯದ ಸ್ಥಾನವನ್ನೂ ಪಡೆದ ಚಿಕ್ಕ ಜನಸಮುದಾಯ ಅದು. ನೆಲ, ನುಡಿ ಕೈಜಾರೀತೆಂಬ ಭಯ ಅವರಿಗೆ ಸಹಜ.

ಆದರೆ ಅಲ್ಲಿನ ನಮ್ಮ ಕಥೋಲಿಕ ಕುಟುಂಬಗಳೇ ವಲಸೆಯ ಇನ್ನೊಂದು ಮುಖವನ್ನು ಕಂಡಿವೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರೂ ಅವರ ಮಕ್ಕಳು, ಮೊಮ್ಮಕ್ಕಳೂ ಪೋರ್ಚುಗಲ್ಲಿನ ಪೌರತ್ವ ಪಡೆಯಲು ಆ ದೇಶದ ಕಾನೂನು ಅವಕಾಶ ನೀಡಿತು. ಅದನ್ನು ಪಡೆದು, ಭಾರತದ ಪೌರತ್ವ ತೊರೆದು, ಇಂಗ್ಲೆಂಡಿನ ಸ್ವಿಂಡನ್ ಪಟ್ಟಣಕ್ಕೆ ಹೋದವರು ಬಹಳ. ಲಿಸ್ಬನ್ನನ್ನು ಕಣ್ಣಾರೆ ಕಾಣದವರಿಗೂ ಆ ಪಾಸ್‌ಪೋರ್ಟು ಇಂಗ್ಲೆಂಡಿನಲ್ಲಿ ವಾಸದ, ಉದ್ಯೋಗದ ಹಕ್ಕು ಕೊಟ್ಟಿತು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ಆ ಹಕ್ಕು ಉಳಿಯಬೇಕಾದರೆ ಅವರೂ 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಾಯಿತು.

ವಿಚಿತ್ರವಲ್ಲವೇ? ಸಾವಿರಾರು ಮೈಲಿ ಆಚೆಯ ದೇಶವೊಂದು ಪೌರತ್ವದ ಕಾಗದ ನೋಡಿ ಬಾಗಿಲು ತೆರೆಯಿತು. ಸಿಂದಗಿಯ ಕೂಲಿಕಾರ ತನ್ನ ದೇಶದೊಳಗೇ, ಅದೇ ಪೌರತ್ವ ಹೊತ್ತು, ಹೊರಗಿನವನಾಗಿ ಉಳಿದ. ಕಾನೂನು ಒಬ್ಬನನ್ನು ಪೌರನನ್ನಾಗಿಸಬಹುದು. ನೆರೆಯವನನ್ನಾಗಿಸುವುದು ಕೇರಿ, ಶಾಲೆ, ಧರ್ಮಕೇಂದ್ರಗಳ ಕೆಲಸ.

ಮಂಗಳೂರಿನ ಕಥೋಲಿಕರಲ್ಲಿ ಬಹುಪಾಲು ಮನೆತನಗಳು ಶತಮಾನಗಳ ಹಿಂದೆ ಗೋವೆಯಿಂದ ಬಂದವು. ಕೆಳದಿ ಅರಸರ ನಾಡಿನಲ್ಲಿ ಬೇಸಾಯ ಮಾಡಿ, ಮನೆಯಲ್ಲಿ ಕೊಂಕಣಿ ಬಿಡದೆಯೇ ಅವು ಈ ನೆಲದವಾದವು. ಇಂದು ಅದೇ ದಾರಿಯನ್ನು ಎದುರು ದಿಕ್ಕಿನಿಂದ ತುಳಿಯುತ್ತಿರುವವರು ಇಂಡಿ, ಬಾಗೇವಾಡಿಗಳ ಮಂದಿ.