ದುರ್ಬೀನು ಕೊಳ್ಳುವ ಮುನ್ನ ಒಂದು ಸ್ಕೇಲು ಹಿಡಿಯಿರಿ

ದುರ್ಬೀನು ಕೊಳ್ಳಲು ಹೋದವರು ಅಂಗಡಿಯವನಿಗೆ ಹಾಕುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದರಲ್ಲಿ ಎಷ್ಟು ದೂರ ಕಾಣುತ್ತೆ?’ ಅವನೂ ಹಿಂದೆ ಮುಂದೆ ನೋಡದೆ ‘ಐದು ಕಿಲೋಮೀಟರ್ ಗ್ಯಾರಂಟಿ ಸಾರ್’ ಎಂದುಬಿಡುತ್ತಾನೆ. ಪ್ರಶ್ನೆಯೂ ಸರಿಯಲ್ಲ, ಉತ್ತರಕ್ಕೂ ಅರ್ಥವಿಲ್ಲ. ಸುಮಾರು 3,84,000 ಕಿ.ಮೀ. ಆಚೆಯಿರುವ ಚಂದ್ರನನ್ನು ನಾವು ಬರಿಗಣ್ಣಿನಲ್ಲೇ ನೋಡುತ್ತೇವಲ್ಲ! ಪಾರ್ಸಿ ಭಾಷೆಯಲ್ಲಿ ದುರ್ಬೀನು ಎಂದರೆ ‘ದೂರ ನೋಡುವಂಥದು’ ಎಂದೇ ಅರ್ಥವಿರಬಹುದು. ಆದರೆ ಅದರ ನಿಜವಾದ ಕೆಲಸ ದೂರದ್ದನ್ನು ದೊಡ್ಡದಾಗಿ, ಸ್ಪಷ್ಟವಾಗಿ, ಬಣ್ಣ ಕೆಡದಂತೆ ತೋರಿಸುವುದು. ಈ ಮೂರರಲ್ಲಿ ‘ದೊಡ್ಡದಾಗಿ’ ಎಂಬುದು ಎಲ್ಲಕ್ಕಿಂತ ಸುಲಭದ್ದು. ನಾವು ಮೋಸ ಹೋಗುವುದೂ ಅಲ್ಲೇ.

ಹಕ್ಕಿ ನೋಡುವ ಹವ್ಯಾಸ ಈಗ ಶಾಲೆಗಳಿಗೂ ಬಂದಿದೆ. ಮಕ್ಕಳು ರಂಗನತಿಟ್ಟಿಗೋ ಗುಡವಿಗೋ ಪ್ರವಾಸ ಹೋಗಿ ಬರುತ್ತಾರೆ. ಬಂದ ಮರುದಿನವೇ ‘ಅಪ್ಪಾ, ನನಗೊಂದು ಬೈನಾಕ್ಯುಲರ್ ಕೊಡ್ಸು’ ಎಂದು ದುಂಬಾಲು ಬೀಳುತ್ತಾರೆ. ಅಪ್ಪ ಮೊಬೈಲ್ ತೆರೆಯುತ್ತಾರೆ. ಅಲ್ಲಿ ಏಳುನೂರು ರೂಪಾಯಿಗೆ ‘30×60’ ಎಂದು ಬರೆದದ್ದು ಒಂದು, ಹತ್ತು ಸಾವಿರಕ್ಕೆ ‘8×42’ ಎಂದು ಬರೆದದ್ದು ಇನ್ನೊಂದು. ಎಂಟಕ್ಕಿಂತ ಮೂವತ್ತು ದೊಡ್ಡದು, ಹತ್ತು ಸಾವಿರಕ್ಕಿಂತ ಏಳುನೂರು ಚಿಕ್ಕದು. ಲೆಕ್ಕ ಮುಗಿಯಿತು, ಪಾರ್ಸೆಲ್ ಬಂತು. ಮಗು ಕಣ್ಣಿಗಿಟ್ಟು ನೋಡಿದರೆ ಎಲ್ಲವೂ ಮಸುಕು, ಎಲ್ಲವೂ ನಡುಗುತ್ತಿದೆ. ಹತ್ತು ನಿಮಿಷಕ್ಕೆ ತಲೆನೋವು. ವಾರ ಕಳೆಯುವುದರೊಳಗೆ ಅದು ಬೀರುವಿನ ಮೇಲೆ. ಏಳುನೂರು ರೂಪಾಯಿ ಹೋದದ್ದು ದೊಡ್ಡ ಮಾತಲ್ಲ. ಹಕ್ಕಿ ನೋಡುವುದು ತನಗೆ ಬರುವ ವಿದ್ಯೆಯಲ್ಲ ಎಂದು ಮಗು ತೀರ್ಮಾನಿಸಿಬಿಡುತ್ತದಲ್ಲ, ನಷ್ಟವಾದದ್ದು ಅಲ್ಲಿ.

ಈ ಅಂಕಿಗಳ ಗುಟ್ಟು ಹೈಸ್ಕೂಲಿನ ಬೆಳಕಿನ ಪಾಠದಷ್ಟೇ ಸುಲಭ. 8×42 ಎಂದಾಗ 8 ಎಂಬುದು ವರ್ಧನೆ. 80 ಮೀಟರ್ ದೂರದ ತಂತಿಯ ಮೇಲೆ ಕುಳಿತ ಮಿಂಚುಳ್ಳಿ 10 ಮೀಟರಿನಲ್ಲಿ ಕುಳಿತಂತೆ ಕಾಣುತ್ತದೆ. 42 ಎಂಬುದು ಮುಂದಿನ ಮಸೂರದ, ಅಂದರೆ ವಸ್ತುಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ.

ಹಾಗಾದರೆ 8ರ ಬದಲು 20 ಇದ್ದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ದುರ್ಬೀನು ಹಕ್ಕಿಯನ್ನಷ್ಟೇ ದೊಡ್ಡದು ಮಾಡುವುದಿಲ್ಲ, ನಿಮ್ಮ ಕೈಯ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. ಎಷ್ಟೇ ಗಟ್ಟಿಗರ ಕೈಯಾದರೂ ಸ್ವಲ್ಪ ನಡುಗಿಯೇ ನಡುಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕುಳಿತರಂತೂ ಕೈಯ ಜೊತೆಗೆ ದೋಣಿಯೂ ಅಲುಗುತ್ತದೆ; ಅಲ್ಲಿ 7 ಅಥವಾ 8ಕ್ಕಿಂತ ಹೆಚ್ಚಿನ ವರ್ಧನೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಹತ್ತರ ಮೇಲಿನದಕ್ಕೆ ಸ್ಟ್ಯಾಂಡ್ ಬೇಕಾಗುತ್ತದೆ.

ಇನ್ನೊಂದು ತೊಂದರೆಯಿದೆ. ವರ್ಧನೆ ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ಒಳ್ಳೆಯ 8ರ ದುರ್ಬೀನಿನಲ್ಲಿ ಸುಮಾರು ಏಳೂವರೆ ಡಿಗ್ರಿ ಅಗಲದ ನೋಟ ಸಿಗುತ್ತದೆ. ಅಂದರೆ 20 ಮೀಟರ್ ದೂರದ ಮರದಲ್ಲಿ ಎರಡೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ. 20ರದ್ದಾದರೆ ಅದೇ ಮರದಲ್ಲಿ ಒಂದು ಮೀಟರ್ ಆಸುಪಾಸು. ಸೂರಕ್ಕಿಯಂಥ ಚಡಪಡಿಕೆಯ ಹಕ್ಕಿ ಅಷ್ಟು ಕಿರಿದಾದ ಕಿಂಡಿಯಲ್ಲಿ ನಿಮಗಾಗಿ ಕಾದು ಕೂರುತ್ತದೆಯೇ? ನೀವು ಎಲೆ ಹುಡುಕುವಷ್ಟರಲ್ಲಿ ಅದು ಪಕ್ಕದ ತೋಟದಲ್ಲಿರುತ್ತದೆ. ಒಂದೇ ದುರ್ಬೀನಿನಲ್ಲಿ 10ರಿಂದ 30ರವರೆಗೆ ಹಿಗ್ಗಿಸುವ ‘ಝೂಮ್’ ಮಾದರಿಗಳಿಗೂ ಇದೇ ಮಾತು. ಅವುಗಳಿಂದ ದೂರವಿರಿ.

ಮೂರನೆಯದು ಬೆಳಕು. ದುರ್ಬೀನನ್ನು ಒಂದು ಮೊಳ ದೂರ ಹಿಡಿದು, ಆಕಾಶದ ಕಡೆಗೆ ತಿರುಗಿಸಿ (ಸೂರ್ಯನ ಕಡೆಗಲ್ಲ), ಕಣ್ಣಿಡುವ ಮಸೂರವನ್ನು ಗಮನಿಸಿ. ಅದರ ನಡುವೆ ಬೆಳಕಿನ ಒಂದು ಪುಟ್ಟ ಬಿಲ್ಲೆ ಕಾಣುತ್ತದೆ. ಮುಂದಿನ ಮಸೂರ ಹಿಡಿದ ಬೆಳಕೆಲ್ಲ ಆ ಬಿಲ್ಲೆಯ ಮೂಲಕವೇ ಕಣ್ಣಿಗೆ ಬರಬೇಕು. ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಬಿಲ್ಲೆಯ ವ್ಯಾಸ ಸಿಗುತ್ತದೆ. 8×42ಕ್ಕೆ ಅದು 5.25 ಮಿ.ಮೀ.; ಜೇಬಿನಲ್ಲಿಡುವ 10×25ಕ್ಕೆ 2.5 ಮಿ.ಮೀ. ಒಂದು ವೇಳೆ ನಿಜವಾದ 30×60 ಇದ್ದರೂ ಬರೇ 2 ಮಿ.ಮೀ. ಹಗಲಿನ ಪ್ರಖರ ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ಚಿಕ್ಕ ಬಿಲ್ಲೆಯೂ ನಡೆಯುತ್ತದೆ. ಮುಸ್ಸಂಜೆಗೆ ಪಾಪೆ ಹಿಗ್ಗುತ್ತದೆ. ಕತ್ತಲಿನಲ್ಲಿ ಎಳೆಯರ ಪಾಪೆ 7 ಮಿ.ಮೀ. ತನಕ ಅರಳಬಲ್ಲದು. ಪಾಪೆ ಬಾಗಿಲು ತೆರೆದಿದ್ದರೂ ದುರ್ಬೀನು ಬೆಳಕು ಕಳಿಸದಿದ್ದರೆ ಏನು ಪ್ರಯೋಜನ? ಹಂಪಿಗೆ ಹತ್ತಿರದ ದರೋಜಿ ಕರಡಿಧಾಮಕ್ಕೆ (1994ರಲ್ಲಿ ಘೋಷಣೆಯಾದದ್ದು) ಹೋದವರಿಗೆ ಇದು ಗೊತ್ತು. ಕರಡಿಗಳು ಬಂಡೆಗಳ ಮೇಲೆ ಇಳಿದು ಬರುವುದು ಸಂಜೆ ಹೊತ್ತಿಗೆ. ಕಂದುತ್ತಿರುವ ಬೆಳಕು, ಕಪ್ಪು ಕರಡಿ, ಅದೂ ದೂರದಲ್ಲಿ. ಬೆನ್ನ ಮೇಲಿರುವುದು ಮರಿಯೋ ನೆರಳೋ ಎಂದು ತಿಳಿಯಲು ಆ ಐದು ಮಿಲಿಮೀಟರ್ ಬಿಲ್ಲೆಯೇ ಬೇಕು.

ಈಗ ಸ್ಕೇಲಿನ ಕೆಲಸ. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬೇಕು. ಪೆಟ್ಟಿಗೆಯ ಮೇಲೆ 30×60 ಎಂದಿದ್ದರೆ ಮುಂದಿನ ಗಾಜಿನ ವ್ಯಾಸ 60 ಮಿ.ಮೀ. ಇರಲೇಬೇಕು. ಅಳೆದರೆ ಎಷ್ಟೋ ಅಗ್ಗದ ದುರ್ಬೀನುಗಳಲ್ಲಿ ಅದರ ಅರ್ಧವೂ ಇರುವುದಿಲ್ಲ! ವರ್ಧನೆಯನ್ನೂ ಪರೀಕ್ಷಿಸಬಹುದು. ದೂರದಲ್ಲಿ ಇಟ್ಟಿಗೆ ಗೋಡೆಯೋ, ಒಂದೇ ಅಳತೆಯ ಕಂಬಿಗಳಿರುವ ಗೇಟೋ ಇರಲಿ. ಒಂದು ಕಣ್ಣಿಗೆ ದುರ್ಬೀನಿನ ಒಂದು ಕೊಳವೆ, ಇನ್ನೊಂದು ಕಣ್ಣು ಬರಿದೇ ತೆರೆದಿರಲಿ. ಸ್ವಲ್ಪ ಅಭ್ಯಾಸವಾದ ಮೇಲೆ ಎರಡು ಚಿತ್ರಗಳೂ ಒಂದರ ಮೇಲೊಂದು ಕೂರುತ್ತವೆ. ದೊಡ್ಡದಾಗಿ ಕಾಣುವ ಒಂದು ಇಟ್ಟಿಗೆ ಬರಿಗಣ್ಣಿನ ಎಷ್ಟು ಇಟ್ಟಿಗೆಗಳನ್ನು ಮುಚ್ಚುತ್ತದೆ ಎಂದು ಎಣಿಸಿ. ಎಂಟಾದರೆ ವರ್ಧನೆ ಎಂಟು. ಮೂವತ್ತು ಎಂದು ಬರೆದ ದುರ್ಬೀನು ಆರೋ ಏಳೋ ಇಟ್ಟಿಗೆಯಲ್ಲಿ ನಿಂತರೆ ಆಶ್ಚರ್ಯಪಡಬೇಡಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ವಿಜ್ಞಾನವೂ ಆಯಿತು, ಜಾಹೀರಾತು ಓದುವ ಬುದ್ಧಿಯೂ ಬಂತು.

ಇಂಥ ದುರ್ಬೀನುಗಳ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದುಂಟು. ನೋಡಲು ಬಲು ಚೆಂದ. ಆದರೆ ಕೆಂಪಗೆ ಹೊಳೆಯುತ್ತದೆ ಎಂದರೆ ಕೆಂಪು ಬೆಳಕನ್ನು ಒಳಗೆ ಬಿಡದೆ ಹಿಂದಕ್ಕೆ ಅಟ್ಟುತ್ತಿದೆ ಎಂದೇ ಅರ್ಥ. ಪಿಕಳಾರದ ಬಾಲದ ಬುಡದಲ್ಲಿರುವ ಕೆಂಪು, ಮರಕುಟಿಗದ ನೆತ್ತಿಯ ಕೆಂಪು ನೋಡಲೆಂದು ಹೊರಟವನಿಗೆ ಕೆಂಪನ್ನೇ ಕದಿಯುವ ಗಾಜು ಯಾಕೆ? ಒಳ್ಳೆಯ ಮಸೂರದಲ್ಲಿ ಪ್ರತಿಫಲಿಸುವ ದೀಪ ಮಂಕಾಗಿ, ಹಸಿರು ಅಥವಾ ನೇರಳೆ ಛಾಯೆಯಲ್ಲಿ ಕಾಣುತ್ತದೆ. ಅದು ಪ್ರತಿಫಲನ ತಡೆಯುವ ಲೇಪದ ಗುರುತು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಸಾಧಾರಣ ದುರ್ಬೀನಿನ ಒಂದು ಕೊಳವೆಯಲ್ಲೇ ಇಂಥ ಹತ್ತು ಮುಖಗಳಿರುತ್ತವೆ. 0.96ನ್ನು ಹತ್ತು ಸಲ ಗುಣಿಸಿ ನೋಡಿ. ಬೆಳಕಿನಲ್ಲಿ ಮೂರನೇ ಒಂದು ಪಾಲು ದಾರಿಯಲ್ಲೇ ಸೋರಿಹೋಗಿರುತ್ತದೆ. ಪೆಟ್ಟಿಗೆಯ ಮೇಲೆ ‘ಫುಲಿ ಮಲ್ಟಿ ಕೋಟೆಡ್’ ಎಂದಿದ್ದರೆ ಎಲ್ಲ ಮುಖಗಳಿಗೂ ಹಲವು ಪದರದ ಲೇಪವಿದೆ ಎಂದು ತಿಳಿಯಬೇಕು.

ದುರ್ಬೀನಿನ ಒಳಗೆ ಅಶ್ರಗಗಳು, ಅಂದರೆ ಪ್ರಿಸಂಗಳು ಇರುತ್ತವೆ. ತಲೆಕೆಳಗಾದ ಬಿಂಬವನ್ನು ನೇರ ಮಾಡುವುದು ಅವುಗಳ ಕೆಲಸ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ಏರ್ಪಾಡಿನವು ಭುಜ ಅಗಲಿಸಿ ನಿಂತ ಪೈಲ್ವಾನನಂತೆ ಕಾಣುತ್ತವೆ. ‘ರೂಫ್ ಪ್ರಿಸಂ’ ಜಾತಿಯವು ನೇರ ಕೊಳವೆಯವು. ತೆಳ್ಳಗೆ, ಮಳೆಗೆ ಜಗ್ಗದಂತೆ ಮಾಡಲು ಅನುಕೂಲ. ಆದರೆ ಅಗ್ಗದ ಬೆಲೆಯಲ್ಲಿ ಹೋಲಿಸುವುದಾದರೆ ಪೊರೊ ಜಾತಿಯದೇ ಸಾಮಾನ್ಯವಾಗಿ ಚೆನ್ನಾಗಿ ತೋರಿಸುತ್ತದೆ. ಆಗಲೇ ಹೇಳಿದ ಬೆಳಕಿನ ಬಿಲ್ಲೆಯನ್ನು ಇನ್ನೊಮ್ಮೆ ನೋಡಿ. ಅದು ದುಂಡಗಿದ್ದರೆ ಸರಿ. ಅಂಚು ಮಾಸಿ ಚೌಕದ ಹಾಗೆ ಕಂಡರೆ ಪ್ರಿಸಂನ ಗಾಜು ಕಡಿಮೆ ದರ್ಜೆಯದು.

ಅಂಗಡಿಯಲ್ಲಿ ತಪ್ಪದೆ ಮಾಡಬೇಕಾದ ಇನ್ನೊಂದು ಪರೀಕ್ಷೆಯಿದೆ. ತಲೆನೋವಿನ ಮುಖ್ಯ ಕಾರಣ ಎರಡು ಕೊಳವೆಗಳು ಒಂದೇ ಕಡೆ ನೋಡದಿರುವುದು. ಎದುರು ಕಟ್ಟಡದ ಸಜ್ಜೆಯೋ ಕರೆಂಟು ತಂತಿಯೋ, ಅಡ್ಡಲಾದ ಒಂದು ಗೆರೆಯನ್ನು ನೋಡುತ್ತ ದುರ್ಬೀನನ್ನು ಮೆಲ್ಲಗೆ ಕಣ್ಣಿನಿಂದ ನಾಲ್ಕಾರು ಅಂಗುಲ ಹಿಂದಕ್ಕೆ ಸರಿಸಿ. ಎರಡು ವೃತ್ತಗಳಲ್ಲೂ ಗೆರೆ ಒಂದೇ ಮಟ್ಟದಲ್ಲಿರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಹಳೆಯದನ್ನು ಕೊಳ್ಳುವಾಗಲಂತೂ ಇದನ್ನು ಮರೆಯಲೇಬಾರದು. ಒಮ್ಮೆ ಕೆಳಗೆ ಬಿದ್ದ ದುರ್ಬೀನಿಗೆ ಈ ಖಾಯಿಲೆ ಬೇಗ ಅಂಟುತ್ತದೆ.

ತಂದೆ ತಾಯಿಯರು ಗಮನಿಸಬೇಕಾದದ್ದು ಒಂದಿದೆ. ದುರ್ಬೀನಿನ ಎರಡು ಕೊಳವೆಗಳನ್ನು ಮಡಿಸಿ ಹತ್ತಿರ ತರಬಹುದಾದರೂ ಎಷ್ಟೋ ಮಾದರಿಗಳಲ್ಲಿ ಆ ಅಂತರ 56–58 ಮಿ.ಮೀ.ಗಿಂತ ಕಡಿಮೆಯಾಗುವುದಿಲ್ಲ. ಚಿಕ್ಕ ಮಕ್ಕಳ ಎರಡು ಪಾಪೆಗಳ ನಡುವಿನ ಅಂತರ ಅದಕ್ಕಿಂತ ಕಡಿಮೆ ಇರಬಹುದು. ಆಗ ಮಗುವಿಗೆ ಒಂದೇ ಕಣ್ಣಿನಲ್ಲಿ ಕಾಣುತ್ತದೆ, ಆದರೆ ಅದನ್ನು ಹೇಳಲು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಮಗುವನ್ನು ಅಂಗಡಿಗೆ ಕರೆದುಕೊಂಡೇ ಹೋಗಿ, ಅದರ ಕಣ್ಣಿಗೇ ಇಟ್ಟು ನೋಡಿ. ತೂಕವೂ ಮುಖ್ಯ: 8×42 ಸಾಮಾನ್ಯವಾಗಿ 600ರಿಂದ 800 ಗ್ರಾಂ ಇರುತ್ತದೆ, ಪ್ರಾಥಮಿಕ ಶಾಲೆಯ ಮಗುವಿನ ಕುತ್ತಿಗೆಗೆ 8×30 ಅಥವಾ 8×32 ಹಗುರ. ಕನ್ನಡಕ ಹಾಕುವವರು ‘ಐ ರಿಲೀಫ್’ ಎಂಬ ಅಂಕಿಯನ್ನು ಕೇಳಿ, 15 ಮಿ.ಮೀ. ಅಥವಾ ಹೆಚ್ಚು ಇರುವುದನ್ನು ಆರಿಸಬೇಕು. ರಬ್ಬರ್ ಬಟ್ಟಲನ್ನು ಕೆಳಕ್ಕಿಳಿಸಿ ನೋಡಬೇಕು.

ತಂದ ಮೇಲೆ ಹೊಂದಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಬಲ ಮಸೂರಕ್ಕೆ ಅಂಗೈ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡ ಮಸೂರ ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ ಅದೇ ವಸ್ತುವನ್ನು ಬಲಗಣ್ಣಿಗೆ ಸ್ಪಷ್ಟ ಮಾಡಿ. ಇನ್ನು ಮುಂದೆ ಚಕ್ರ ಒಂದೇ ಸಾಕು. ಹಕ್ಕಿಯನ್ನು ದುರ್ಬೀನಿನಲ್ಲಿ ಹುಡುಕಬೇಡಿ. ಮೊದಲು ಬರಿಗಣ್ಣಿನಲ್ಲಿ ಕಂಡು, ದೃಷ್ಟಿ ಕೀಳದೆ, ದುರ್ಬೀನನ್ನೇ ಕಣ್ಣಿಗೆ ತಂದುಕೊಳ್ಳಿ. ಕಾಗೆ, ಮೈನಾಗಳ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿದರೆ ಕಾಜಾಣ ಹಾರುವಾಗಲೂ ಕೈ ತಪ್ಪುವುದಿಲ್ಲ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬಾರದು. ಭೂತಗನ್ನಡಿಯಿಂದ ಕಾಗದ ಸುಟ್ಟವರಿಗೆ ಕಣ್ಣಿಗೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಚಿಕ್ಕ ಮಕ್ಕಳ ಕೈಗೆ ಕೊಟ್ಟಾಗ ದೊಡ್ಡವರು ಜೊತೆಯಲ್ಲಿರಲಿ.

ಬೆಲೆಯ ಮಾತಿಗೆ ಬಂದರೆ, ಹೇಳಿಕೊಳ್ಳುವಂಥ 8×40 ಅಥವಾ 8×42 ಈಗ ಸುಮಾರು ಏಳೆಂಟು ಸಾವಿರದಿಂದ ಹನ್ನೆರಡು ಸಾವಿರದವರೆಗೆ ಇದೆ. ಮೇಲ್ದರ್ಜೆಯವು ಲಕ್ಷ ದಾಟುತ್ತವೆ. ವಿದ್ಯಾರ್ಥಿಗೆ ಅವು ಬೇಡ. ಏಳೆಂಟು ಸಾವಿರವೂ ಎಷ್ಟೋ ಮನೆಗಳಿಗೆ ಒಂದು ತಿಂಗಳ ದಿನಸಿ ಎಂಬುದು ನನಗೆ ಗೊತ್ತು. ಅಂಥವರು ಏಳುನೂರರದ್ದನ್ನು ಕೊಳ್ಳುವುದಕ್ಕಿಂತ ಏನನ್ನೂ ಕೊಳ್ಳದಿರುವುದೇ ಲೇಸು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ದುರ್ಬೀನಿಲ್ಲದೆಯೇ ಮರಿಗೆ ಗುಟುಕು ಕೊಡುವುದನ್ನು ನೋಡಬಹುದು. ಮನೆಯ ಹಿತ್ತಿಲ ಮಡಿವಾಳ, ಪಿಕಳಾರ, ಸೂರಕ್ಕಿಗಳಿಗೂ ಅಷ್ಟೇ. ಒಂದು ವರ್ಷ ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಲಿ. ಆಮೇಲೂ ಆಸಕ್ತಿ ಉಳಿದಿದ್ದರೆ ಆಗ ಕೊಡಿಸಿ, ಅಥವಾ ನಾಲ್ಕೈದು ಮನೆಯವರು ಸೇರಿ ಒಂದು ಕೊಳ್ಳಿ. ಶಾಲೆಗೆ ದಾನ ಕೊಡುವ ಹಳೆಯ ವಿದ್ಯಾರ್ಥಿಗಳು ಇನ್ನೊಂದು ಗೋಡೆ ಗಡಿಯಾರದ ಬದಲು ಇದನ್ನು ಯೋಚಿಸಬಹುದು. ಕೈಗೆ ಬಂದ ಮೇಲೆ ಗೂಡಿನ ಹತ್ತಿರ ಹೋಗುವ ಕೆಲಸವೂ ತಪ್ಪುತ್ತದೆ. ತಾಯಿ ಹಕ್ಕಿ ಗಾಬರಿಯಾಗದಷ್ಟು ದೂರದಲ್ಲಿ ನಿಂತೇ ನೋಡಬಹುದು.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಮಸೂರದ ಒಳಗೆ ಬೂಷ್ಟು ಹಿಡಿಯುತ್ತದೆ. ಜೇಡರ ಬಲೆಯಂತೆ ಹಬ್ಬಿದ ಮೇಲೆ ತೆಗೆಯುವುದು ಕಷ್ಟ. ಸಾಧ್ಯವಾದರೆ ಒಳಗೆ ನೈಟ್ರೋಜನ್ ತುಂಬಿದ ಜಲನಿರೋಧಕ ಮಾದರಿಯನ್ನೇ ಕೊಳ್ಳಿ. ಜೊತೆಗೆ ಬಂದ ಚೀಲ ತೇವ ಹೀರಿಕೊಳ್ಳುತ್ತದೆ; ಅದರಲ್ಲಿಡದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಗಾಜಿನ ಮೇಲೆ ಧೂಳು ಕೂತರೆ ಮೊದಲು ಊದುವ ಬಲ್ಬಿನಿಂದ ಊದಿ, ಆಮೇಲೆ ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಿಂದ ಒರೆಸಿ. ಪಂಚೆಯ ಚುಂಗು, ಸೀರೆಯ ಸೆರಗು, ಸ್ಕೂಲ್ ಯೂನಿಫಾರಂನ ತೋಳು ಇವು ಯಾವುವೂ ಬೇಡ.