ಲೂಕ ಬಿಟ್ಟ ಸಂದಿಯಲ್ಲೊಂದು ಕಾದಂಬರಿ

ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುವಿನ ಎದುರು ಸೈತಾನ ಬಂದು ಒಡ್ಡಿದ ಆಮಿಷಗಳು ಮೂರು. ಕಲ್ಲನ್ನು ರೊಟ್ಟಿ ಮಾಡು. ದೇವಾಲಯದ ತುದಿಯಿಂದ ಧುಮುಕು. ನನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳೆಲ್ಲ ನಿನ್ನವು. ಮೂರಕ್ಕೂ ಯೇಸು ಒಲ್ಲೆನೆಂದ. ಕನ್ನಡ ಬೈಬಲು ಇದನ್ನು ‘ಶೋಧನೆ’ ಎನ್ನುತ್ತದೆ. ಬಲು ಒಳ್ಳೆಯ ಮಾತು; ಅದರೊಳಗೆ ಆಮಿಷವೂ ಇದೆ, ಪರೀಕ್ಷೆಯೂ ಇದೆ. ಆದರೆ ಸುವಾರ್ತೆ ಬರೆದವರಲ್ಲಿ ಲೂಕನೊಬ್ಬ ಕಥೆಯನ್ನು ಅಲ್ಲಿಗೇ ಕಟ್ಟಿಡುವುದಿಲ್ಲ. ತಕ್ಕ ಸಮಯ ಬರುವವರೆಗೆ ಸೈತಾನ ಬಿಟ್ಟುಹೋದ ಎಂಬರ್ಥದ ಮಾತೊಂದನ್ನು ಸೇರಿಸಿ, ಬಾಗಿಲನ್ನು ಒಂದಿಷ್ಟು ತೆರೆದೇ ಇಡುತ್ತಾನೆ.

ಆ ‘ತಕ್ಕ ಸಮಯ’ ಶಿಲುಬೆಯ ಮೇಲೆ ಪ್ರಾಣ ಹೋಗುವ ಗಳಿಗೆಯೇ ಆಗಿದ್ದರೆ? ಗ್ರೀಕ್ ಲೇಖಕ ನಿಕೋಸ್ ಕಜಾಂಟ್ಜಾಕಿಸ್‌ನ ‘ಕಡೆಯ ಶೋಧನೆ’ ನಿಂತಿರುವುದು ಈ ಊಹೆಯ ಮೇಲೆ. ಫ್ರಾನ್ಸಿನ ದಕ್ಷಿಣ ಕರಾವಳಿಯ ಆಂತೀಬ್ ಊರಿನಲ್ಲಿ 1950–51ರಲ್ಲಿ ಅದನ್ನು ಬರೆಯುವಾಗ ಆತನ ವಯಸ್ಸು ಅರವತ್ತೇಳು ದಾಟಿತ್ತು. ಆದರೆ ಪುಸ್ತಕದ ಬೇರು ಇರುವುದು ಆತನ ಬಾಲ್ಯದಲ್ಲಿ.

1883ರಲ್ಲಿ ಆತ ಹುಟ್ಟಿದ ಕ್ರೀಟ್ ದ್ವೀಪ ಆಗ ತುರ್ಕರ ಆಳ್ವಿಕೆಯಲ್ಲಿತ್ತು. ಅಲ್ಲಿನ ಗ್ರೀಕರಿಗೆ ಚರ್ಚ್ ಎಂದರೆ ದೇವರ ಮನೆ ಮಾತ್ರವಲ್ಲ, ತಾವು ಯಾರೆಂಬುದರ ಗುರುತು. ಹುಡುಗನಿಗೆ ಸಂತರ ಕಥೆಗಳ ಹುಚ್ಚು. 1897ರಲ್ಲಿ ದಂಗೆಯೆದ್ದಾಗ ಕುಟುಂಬ ನಾಕ್ಸೋಸ್ ದ್ವೀಪಕ್ಕೆ ಹೋಯಿತು. ಆರ್ಥೊಡಾಕ್ಸ್ ಮನೆತನದ ಹುಡುಗ ಫ್ರೆಂಚ್ ಕ್ಯಾಥೊಲಿಕ್ ಸಂನ್ಯಾಸಿಗಳ ಶಾಲೆಗೆ ಸೇರಿದ. ಮುಂದೆ ಪ್ಯಾರಿಸ್ಸಿನಲ್ಲಿ ದಾರ್ಶನಿಕ ಬರ್ಗ್ಸನ್‌ನ ಪಾಠ ಕೇಳಿದ್ದಾಯಿತು, ದೇವರು ಸತ್ತನೆಂದು ಸಾರಿದ ನೀಚೆಯ ಮೇಲೆ ಪ್ರಬಂಧ ಬರೆದದ್ದಾಯಿತು. ಅಷ್ಟಾದ ಮೇಲೂ 1914ರಲ್ಲಿ ಕವಿಮಿತ್ರ ಸಿಕೆಲಿಯಾನೋಸ್‌ನ ಜೊತೆ ಹೆಣ್ಣುಗಳಿಗೆ ಪ್ರವೇಶವೇ ಇಲ್ಲದ ಆಥೋಸ್ ಪರ್ವತದ ಮಠಗಳಿಗೆ ಹೋಗಿ ಸುಮಾರು ನಲವತ್ತು ದಿನ ಅಲೆದ. ಆಮೇಲೆ ಬುದ್ಧ, ಲೆನಿನ್, ಒಡಿಸ್ಯೂಸ್. ಒಬ್ಬೊಬ್ಬರ ಹಿಂದೆಯೂ ವರ್ಷಗಟ್ಟಲೆ ನಡೆದ. ಕೊನೆಗೆ ಮರಳಿದ್ದು ಮೊದಲ ಗುರು ಯೇಸುವಿನ ಬಳಿಗೇ.

ನಡುವೆ ವಿಯೆನ್ನಾದಲ್ಲಿ ನಡೆದ ಒಂದು ಪ್ರಸಂಗವನ್ನು ಆತನೇ ಹೇಳಿಕೊಂಡಿದ್ದಾನೆ. 1922ರ ಸುಮಾರು, ಬುದ್ಧನ ಕುರಿತು ನಾಟಕ ಬರೆಯುತ್ತಿದ್ದ ಕಾಲ. ಪರಿಚಯವಾದ ಹೆಂಗಸೊಬ್ಬಳನ್ನು ಕೋಣೆಗೆ ಕರೆದದ್ದೇ ತಡ, ಮುಖ ಗುರುತು ಸಿಗದಷ್ಟು ಊದಿಕೊಂಡು ಚರ್ಮ ಸೋರತೊಡಗಿತು. ಯಾವ ಮುಲಾಮಿಗೂ ಬಗ್ಗಲಿಲ್ಲ. ಫ್ರಾಯ್ಡ್‌ನ ಹಳೆಯ ಶಿಷ್ಯ ವಿಲ್ಹೆಲ್ಮ್ ಸ್ಟೆಕೆಲ್ ಪರೀಕ್ಷಿಸಿ, ಇದು ಹಿಂದಿನ ತಪಸ್ವಿಗಳಿಗೆ ಬರುತ್ತಿದ್ದ ಬೇನೆ, ಊರು ಬಿಟ್ಟರೆ ವಾಸಿಯಾಗುತ್ತದೆ ಎಂದ. ಬಿಟ್ಟ, ವಾಸಿಯಾಯಿತು. ಕಥೆಗೆ ಒಂದಿಷ್ಟು ಉಪ್ಪುಖಾರ ಬಿದ್ದಿರಬಹುದು, ಕಾದಂಬರಿಕಾರನಲ್ಲವೇ. ಆದರೂ ದೇಹ ಮತ್ತು ಆತ್ಮದ ಜಗಳ ಈತನಿಗೆ ಗ್ರಂಥಗಳಲ್ಲಿ ಓದಿದ ವಿಷಯವಾಗಿರಲಿಲ್ಲ ಎಂಬುದಂತೂ ಇದರಿಂದ ತಿಳಿಯುತ್ತದೆ.

ಆ ಜಗಳವನ್ನೇ ಆತ ಯೇಸುವಿನೊಳಗೆ ಇಟ್ಟ. ಕಾದಂಬರಿಯ ಯೇಸು ನಜರೇತಿನ ಬಡಗಿ. ದಂಗೆಕೋರರನ್ನು ಏರಿಸಲು ರೋಮನ್ನರಿಗೆ ಶಿಲುಬೆ ಮಾಡಿಕೊಡುವವನು. ದೇವರು ತನ್ನನ್ನು ಬಿಟ್ಟುಬಿಡಲಿ ಎಂಬುದೇ ಈ ಪಾಪದ ಕೆಲಸದ ಹಿಂದಿನ ಆಸೆ. ಯೂದನು ಇಲ್ಲಿ ದ್ರೋಹಿಯಲ್ಲ, ಶಿಷ್ಯರಲ್ಲೆಲ್ಲ ಗಟ್ಟಿಗ. ಹಿಡಿದುಕೊಡುವ ಕೆಲಸವನ್ನು ಯೇಸುವೇ ಅವನಿಗೆ ಒಪ್ಪಿಸುತ್ತಾನೆ. ಕೊನೆಗೆ ಶಿಲುಬೆಯ ಮೇಲೆ, ಎಚ್ಚರ ತಪ್ಪುವ ಹೊತ್ತಿನಲ್ಲಿ, ದೇವದೂತನ ವೇಷದ ಒಬ್ಬ ಬಂದು ಇಳಿಸಿಕೊಳ್ಳುತ್ತಾನೆ. ಮಗ್ದಲದ ಮರಿಯಳೊಡನೆ ಮದುವೆ. ಅವಳು ತೀರಿಕೊಂಡ ಮೇಲೆ ಮಾರ್ಥಾ–ಮರಿಯ ಸೋದರಿಯರೊಡನೆ ಸಂಸಾರ, ಮಕ್ಕಳು, ನೆರೆತ ಗಡ್ಡ. ಶಿಲುಬೆಯಲ್ಲಿ ಸತ್ತು ಎದ್ದುಬಂದ ಯೇಸುವಿನ ಬಗ್ಗೆ ಪೌಲ ಬೋಧಿಸುವುದನ್ನು ಈ ಮುದಿ ಯೇಸುವೇ ನಿಂತು ಕೇಳಿಸಿಕೊಂಡು ಜಗಳಕ್ಕಿಳಿಯುವ ಪುಟಗಳು ಕಾದಂಬರಿಯಲ್ಲೇ ಅತ್ಯಂತ ಚುರುಕಾದವು. ಕಡೆಗೆ ಯೂದ ಬಂದು ಛೀಮಾರಿ ಹಾಕುತ್ತಾನೆ. ಕಣ್ಣು ಬಿಟ್ಟರೆ ಯೇಸು ಇನ್ನೂ ಶಿಲುಬೆಯ ಮೇಲೆಯೇ ಇದ್ದಾನೆ. ಅಷ್ಟೂ ವರ್ಷಗಳ ಬಾಳುವೆ ಒಂದು ಗಳಿಗೆಯ ಕನಸು. ಶೋಧನೆಯನ್ನು ಗೆದ್ದ ಸಮಾಧಾನದಲ್ಲಿ ಆತ ಪ್ರಾಣ ಬಿಡುತ್ತಾನೆ.

ಅಂದರೆ ಮುಂದೆ ಈ ಪುಸ್ತಕದ ವಿರುದ್ಧ ಜಗತ್ತೆಲ್ಲ ರೊಚ್ಚಿಗೆದ್ದದ್ದು ನಾಯಕನೇ ತಿರಸ್ಕರಿಸಿದ ಒಂದು ಕನಸಿನ ಮೇಲೆ! ಯೇಸು ಪೂರ್ಣ ದೇವನೂ ಹೌದು, ಪೂರ್ಣ ಮನುಷ್ಯನೂ ಹೌದು ಎಂದು ಚರ್ಚ್ 451ರ ಕ್ಯಾಲ್ಸಿಡನ್ ಮಹಾಸಭೆಯಲ್ಲೇ ತೀರ್ಮಾನಿಸಿತ್ತು. ಕಜಾಂಟ್ಜಾಕಿಸ್ ಆ ಎರಡನೆಯ ಅರ್ಧವನ್ನು ಅಕ್ಷರಶಃ ನಂಬಿದ, ಅಷ್ಟೆ. ಹಾಗೆಂದು ನೊಂದವರೆಲ್ಲ ದಡ್ಡರೆನ್ನುವಂತಿಲ್ಲ. ದಿನವೂ ಮೊಣಕಾಲೂರಿ ಪ್ರಾರ್ಥಿಸುವವನಿಗೆ ತನ್ನ ಪ್ರಭು ಹೆದರಿ ನಡುಗುವ, ಆಸೆಪಡುವ, ಶಿಲುಬೆ ಕೆತ್ತುವ ಚಿತ್ರ ನುಂಗಲಾರದ ತುತ್ತು. ಇನ್ನು ಕಾದಂಬರಿಯ ನಿಜವಾದ ಊನ ಬೇರೆಯೇ ಇದೆ: ಹೆಂಗಸರೆಲ್ಲ ಇಲ್ಲಿ ಗಂಡಿನ ಮೋಕ್ಷಕ್ಕೆ ಅಡ್ಡ ಬರುವ ಮೈಗಳು ಮಾತ್ರ. ಬೀದಿಗಿಳಿದ ಯಾವ ಮೆರವಣಿಗೆಯೂ ಅದನ್ನು ಆಕ್ಷೇಪಿಸಿದಂತಿಲ್ಲ.

ಗ್ರೀಕ್ ಮೂಲ ಅಥೆನ್ಸಿನಲ್ಲಿ ಅಚ್ಚಾದದ್ದು 1955ರಲ್ಲಿ. ಅದಕ್ಕೂ ಮೊದಲು ಅನುವಾದಗಳು ಹೊರಬಂದಿದ್ದವು; 1954ರಲ್ಲೇ ರೋಮ್ ಅದನ್ನು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತ್ತು. ಹುಟ್ಟಿದ ಭಾಷೆಯಲ್ಲಿ ಕಣ್ಣು ಬಿಡುವ ಮುನ್ನವೇ ಮಗುವಿಗೆ ಬಹಿಷ್ಕಾರ. ಲೇಖಕ ವ್ಯಾಟಿಕನ್ನಿಗೆ ತಂತಿ ಕಳಿಸಿದ. ಪ್ರಾಚೀನ ಕ್ರೈಸ್ತ ಪಂಡಿತ ತೆರ್ತುಲ್ಲಿಯನ್‌ನ ಮಾತನ್ನೇ ಎತ್ತಿಕೊಂಡು, ಮೇಲ್ಮನವಿಯನ್ನು ನೇರ ದೇವರ ನ್ಯಾಯಪೀಠಕ್ಕೇ ಸಲ್ಲಿಸುತ್ತಿದ್ದೇನೆ ಎಂದ. ಇದರ ನಡುವೆಯೇ ಅಸ್ಸೀಸಿಯ ಸಂತ ಫ್ರಾನ್ಸಿಸ್‌ನ ಮೇಲೆ ಇನ್ನೊಂದು ಕಾದಂಬರಿಯನ್ನೂ ಬರೆದ! ರೋಮಿನ ಆ ಪಟ್ಟಿ ರದ್ದಾದದ್ದು 1966ರಲ್ಲಿ. ಲೇಖಕ ಸತ್ತು ಒಂಬತ್ತು ವರ್ಷಗಳಾಗಿದ್ದವು.

ಪೀಟರ್ ಬೀನ್ ಮಾಡಿದ ಇಂಗ್ಲಿಷ್ ಅನುವಾದ 1960ರಲ್ಲಿ ಬಂದ ಮೇಲೆ ಪುಸ್ತಕ ದೂರದೂರ ಸಾಗಿತು. ನಮ್ಮ ಪಕ್ಕದ ಕೇರಳಕ್ಕೂ ಬಂತು. 1986ರಲ್ಲಿ ಪಿ.ಎಂ. ಆಂಟನಿ ಈ ಕಾದಂಬರಿಯನ್ನು ಆಧರಿಸಿ ಮಲಯಾಳಂನಲ್ಲಿ ನಾಟಕ ಕಟ್ಟಿದರು. ‘ಕ್ರಿಸ್ತುವಿನ ಆರನೆಯ ಗಾಯ’ ಎಂಬುದು ಹೆಸರಿನ ಅರ್ಥ. ಕ್ಯಾಥೊಲಿಕರ ಭಕ್ತಿಯಲ್ಲಿ ಕೈಗಳಿಗೆರಡು, ಕಾಲುಗಳಿಗೆರಡು, ಪಕ್ಕೆಗೊಂದು ಎಂದು ಐದೇ ಗಾಯ. ಆರನೆಯದನ್ನು ನಾಟಕಕಾರ ಮಾಡಿದನೆಂದು ವಿರೋಧಿಗಳಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಪಾದ್ರಿಗಳ ಮುಂದಾಳತನದಲ್ಲಿ ಭಾರೀ ಮೆರವಣಿಗೆಗಳು ಹೊರಟವು, ಸರ್ಕಾರ ಪ್ರದರ್ಶನವನ್ನು ನಿಷೇಧಿಸಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ಪರ ಲೇಖಕರೂ ಕಲಾವಿದರೂ ಬೀದಿಗಿಳಿದರು.

ಈ ಕಾದಂಬರಿಯನ್ನು ಆಧರಿಸಿದ ಸಿನಿಮಾ ಆಗಿನ್ನೂ ಬಂದಿರಲಿಲ್ಲ. 1972ರಲ್ಲಿ ಚಿತ್ರೀಕರಣವೊಂದರ ನಡುವೆ ನಟಿ ಬಾರ್ಬರಾ ಹರ್ಷಿ ಈ ಪುಸ್ತಕವನ್ನು ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿಯ ಕೈಗಿತ್ತಿದ್ದರು. ಪಾದ್ರಿಯಾಗಲು ಹೊರಟು ಸೆಮಿನರಿಯಲ್ಲಿ ನಿಲ್ಲದ ಹುಡುಗ ಆತ. ಪುಸ್ತಕ ಸಿಗಬೇಕಾದವನಿಗೇ ಸಿಕ್ಕಿತು. ಪ್ಯಾರಾಮೌಂಟ್ ಕಂಪನಿ ಒಪ್ಪಿ, 1983ರ ಡಿಸೆಂಬರಿನಲ್ಲಿ ಪ್ರತಿಭಟನೆಯ ಪತ್ರಗಳು ಸುರಿದ ಮೇಲೆ ಹಿಂದೆ ಸರಿಯಿತು. ಕೊನೆಗೆ ಯೂನಿವರ್ಸಲ್‌ಗಾಗಿ ಸುಮಾರು 70 ಲಕ್ಷ ಡಾಲರಿನ ಸಣ್ಣ ಬಜೆಟ್ಟಿನಲ್ಲಿ ಮೊರಾಕ್ಕೊದಲ್ಲಿ ಚಿತ್ರೀಕರಣವಾಯಿತು. ಪೀಟರ್ ಗೇಬ್ರಿಯಲ್‌ನ ಹಿನ್ನೆಲೆ ಸಂಗೀತದಲ್ಲಿ ಕರ್ನಾಟಕ ಸಂಗೀತದ ಎಲ್. ಶಂಕರ್ ಪಿಟೀಲೂ ನುಸ್ರತ್ ಫತೇ ಅಲಿ ಖಾನರ ಕಂಠವೂ ಇವೆ. ಹೊರಗೆ ಧರ್ಮದ ಗದ್ದಲ ನಡೆದಿದ್ದಾಗ ಒಳಗೆ ಇವರಿಬ್ಬರೂ ಯೇಸುವಿಗಾಗಿ ದುಡಿದಿದ್ದರು.

1988ರ ಆಗಸ್ಟ್ 12ಕ್ಕೆ ಬಿಡುಗಡೆ. ಹಿಂದಿನ ದಿನ ಯೂನಿವರ್ಸಲ್ ಕಚೇರಿಯ ಮುಂದೆ ಸುಮಾರು 25,000 ಜನ ಸೇರಿದ್ದರು. ಧರ್ಮಪ್ರಚಾರಕ ಬಿಲ್ ಬ್ರೈಟ್, ತಗಲಿದ ಖರ್ಚನ್ನೆಲ್ಲ ಕೊಡಿಸುತ್ತೇನೆ, ರೀಲುಗಳನ್ನು ನಾಶ ಮಾಡಲು ಕೊಡಿ ಎಂದು ಕೇಳಿದ್ದ. ಕಂಪನಿ ಪತ್ರಿಕೆಗಳ ಪುಟತುಂಬ ಜಾಹೀರಾತು ಕೊಟ್ಟು ಆಗದೆಂದಿತು. ಫ್ರಾನ್ಸಿನಲ್ಲಿ ಇಬ್ಬರು ಕಾರ್ಡಿನಲ್‌ಗಳು ಚಿತ್ರ ನೋಡದೆಯೇ ಖಂಡಿಸಿದರು. ಅಕ್ಟೋಬರ್ 22ರ ರಾತ್ರಿ ಪ್ಯಾರಿಸ್ಸಿನ ಸೇಂಟ್ ಮಿಶೆಲ್ ಚಿತ್ರಮಂದಿರಕ್ಕೆ ಮೂಲಭೂತವಾದಿಗಳು ಬೆಂಕಿಯಿಟ್ಟರು. ಹದಿಮೂರು ಜನ ಗಾಯಗೊಂಡರು. ಚಿಲಿ ದೇಶದಲ್ಲಿ ಚಿತ್ರದ ಮೇಲಿದ್ದ ನಿಷೇಧದ ವಿರುದ್ಧದ ದೂರು ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋಯಿತು. 2001ರಲ್ಲಿ ತೀರ್ಪು ಚಿಲಿಯ ವಿರುದ್ಧ ಬಂತು, ಸಿನಿಮಾದ ಪೂರ್ವ ಸೆನ್ಸಾರ್‌ಶಿಪ್ಪನ್ನು ತೆಗೆಯಲು ಸಂವಿಧಾನವನ್ನೇ ತಿದ್ದಬೇಕಾಯಿತು.

ಕಜಾಂಟ್ಜಾಕಿಸ್ 1957ರ ಅಕ್ಟೋಬರಿನಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ತೀರಿಕೊಂಡ. ಗ್ರೀಕ್ ಚರ್ಚ್ ಆತನನ್ನು ಬಹಿಷ್ಕರಿಸಿತ್ತೆಂದು ಈಗಲೂ ಹೇಳುವವರಿದ್ದಾರೆ. ಒತ್ತಾಯವೇನೋ ಇತ್ತು, ಆದರೆ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಅದಕ್ಕೆ ಮುದ್ರೆಯೊತ್ತಲಿಲ್ಲ. ಅಥೆನ್ಸಿನ ಆರ್ಚ್‌ಬಿಷಪ್ ಶವವನ್ನು ಅಂತಿಮ ದರ್ಶನಕ್ಕಿಡಲು ಒಪ್ಪಲಿಲ್ಲ. ಹುಟ್ಟೂರು ಹೆರಾಕ್ಲಿಯೋನ್ ಸಂತ ಮಿನಾಸ್ ಚರ್ಚಿನಲ್ಲಿ ಪ್ರಾರ್ಥನೆ ಸಲ್ಲಿಸಿ, ವೆನೀಸರು ಕಟ್ಟಿದ ಕೋಟೆಯ ಮಾರ್ಟಿನೆಂಗೊ ಕೊತ್ತಳದ ಮೇಲೆ ಮಣ್ಣು ಮಾಡಿತು. ಸಮಾಧಿಯ ತಲೆಯ ಬಳಿ ಮರದ ಶಿಲುಬೆಯೊಂದು ನಿಂತಿದೆ. ಕುಸುರಿಯಿಲ್ಲ, ಬಣ್ಣವಿಲ್ಲ, ನಜರೇತಿನ ಬಡಗಿ ರೋಮನ್ನರಿಗೆ ಮಾಡಿಕೊಡುತ್ತಿದ್ದನಲ್ಲ, ಅಂಥದ್ದೇ.