ಅಪ್ಪನ ರೀಲು, ನನ್ನ ರೀಲ್ಸ್

ಮೂವತ್ತಾರು ಫೋಟೊ ತೆಗೆದ ಮೇಲೆ ರೋಲ್ ಮುಗಿಯಬೇಕು. ನನ್ನದು ಮುಗಿಯಲೇ ಇಲ್ಲ. ಲಿವರ್ ಎಳೆದರೆ ಸಲೀಸಾಗಿ ಬರುತ್ತಿತ್ತು, ಬಟನ್ ಒತ್ತಿದರೆ ‘ಟಕ್’ ಅನ್ನುತ್ತಿತ್ತು. ಎರಡು ಮೂರು ಫೋಟೊ ಪುಕ್ಕಟೆ ಸಿಕ್ಕಿತು ಅಂತ ಖುಷಿಯಲ್ಲಿದ್ದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ತಲೆಯನ್ನೂ ಎತ್ತದೆ ಕೇಳಿದರು: ‘ಲಿವರ್ ಎಳೆದಾಗ ಎಡಗಡೆ ನಾಬ್ ತಿರುಗ್ತಿತ್ತೇನೋ?’

ಎಡಗಡೆ ಒಂದು ನಾಬ್ ಇದೆ ಎಂದು ಗೊತ್ತಿತ್ತು. ಅದು ತಿರುಗಬೇಕು ಎಂದು ಗೊತ್ತಿರಲಿಲ್ಲ.

‘ಹಂಗಾದ್ರೆ ರೋಲ್ ಹತ್ತೇ ಇಲ್ಲ. ಒಂದೂ ಬಿದ್ದಿಲ್ಲ ಬಿಡು’ ಎಂದು ಪುಟ ತಿರುಗಿಸಿದರು.

ರೋಲಿನ ತುದಿಯನ್ನು ಬಲಗಡೆಯ ಸುರುಳಿಗೆ ಸರಿಯಾಗಿ ಸಿಕ್ಕಿಸದಿದ್ದರೆ ಹೀಗಾಗುತ್ತದೆ. ಫಿಲಂ ತನ್ನ ಡಬ್ಬಿಯೊಳಗೆ ಹಾಯಾಗಿ ಮಲಗಿರುತ್ತದೆ. ನಾವು ಮಾತ್ರ ಬೆಳಕು ನೋಡಿ, ಫೋಕಸ್ ನೋಡಿ, ಉಸಿರು ಬಿಗಿಹಿಡಿದು ಕ್ಲಿಕ್ಕಿಸುತ್ತಲೇ ಇರುತ್ತೇವೆ. ಗೆಳೆಯನ ತಂಗಿಯ ನಿಶ್ಚಿತಾರ್ಥದಲ್ಲಿ ಎರಡು ಗಂಟೆ ನಾನು ಮಾಡಿದ್ದು ಅದನ್ನೇ. ಎಲ್ಲರೂ ಫೋನಿನಲ್ಲಿ ತೆಗೆದುಕೊಂಡಿದ್ದರಿಂದ ಬಚಾವಾದೆ. ರೋಲೂ ಹಾಳಾಗಿರಲಿಲ್ಲ, ಅದನ್ನೇ ಮತ್ತೆ ಹಾಕಿಕೊಂಡೆ. ಆದರೆ ಅವತ್ತು ನನಗೆ ಹೆಚ್ಚು ಆಶ್ಚರ್ಯವಾದದ್ದು ಅಪ್ಪ ಬಾಯಿಬಿಟ್ಟಿದ್ದು. ಸ್ಟುಡಿಯೊ ಮುಚ್ಚಿದ ಮೇಲೆ ಕ್ಯಾಮೆರಾ ಬಗ್ಗೆ ಅವರು ಒಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ತಿಪಟೂರಿನಲ್ಲಿ ಅಪ್ಪನದೊಂದು ಸ್ಟುಡಿಯೊ ಇತ್ತು. 1986ರಲ್ಲಿ ಶುರು, 2010ರಲ್ಲಿ ಬಂದ್. ಕೋಡಕ್‌ನಂಥ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮಪ್ಪ ಅದಕ್ಕಿಂತ ಎರಡು ವರ್ಷ ಮುಂದಿದ್ದರು ಅಷ್ಟೆ! ಈಗ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಬಿ.ಕಾಂ. ಮುಗಿಸಿ, ಒಂದು ಪರೀಕ್ಷೆ ಬರೆದು, ಅದರ ಫಲಿತಾಂಶಕ್ಕೆ ಕಾಯುತ್ತಾ ಮನೆಯಲ್ಲಿದ್ದೇನೆ. ಕಾಯುವುದೇ ಒಂದು ಉದ್ಯೋಗ ಎಂದು ಇದನ್ನು ಓದುತ್ತಿರುವ ಹಲವರಿಗೆ ಹೇಳಿಕೊಡಬೇಕಾಗಿಲ್ಲ. ಯುಗಾದಿಗೆ ಸುಣ್ಣ ಬಳಿಯಲು ಅಟ್ಟ ಖಾಲಿ ಮಾಡುವಾಗ ಟ್ರಂಕಿನಲ್ಲಿ ಸಿಕ್ಕಿದ್ದು ಪೆಂಟಾಕ್ಸ್ ಕೆ1000.

ಈ ಮಾಡೆಲ್ 1976ರಿಂದ 1997ರವರೆಗೆ ತಯಾರಾಯಿತು. ಒಳಗಿರುವುದೆಲ್ಲ ಹಲ್ಲುಚಕ್ರ, ಸ್ಪ್ರಿಂಗು. ಬೆಳಕು ಅಳೆಯುವ ಮೀಟರಿಗೆ ಮಾತ್ರ ವಾಚಿನದಂಥ ಒಂದು ಬಟನ್ ಸೆಲ್ ಬೇಕು. ಅದೂ ಇಲ್ಲದಿದ್ದರೆ ಕ್ಯಾಮೆರಾ ಓಡುತ್ತದೆ. ಮೀಟರಿಗೆ ಆನ್–ಆಫ್ ಸ್ವಿಚ್ಚೇ ಇಲ್ಲ, ಲೆನ್ಸಿನ ಮುಚ್ಚಳ ಹಾಕಿದರೆ ಅದೇ ಆಫ್. ನಾನು ಮುಚ್ಚಳ ಹಾಕದೆ ಇಟ್ಟು ಎರಡು ಸೆಲ್ ಕಳೆದ ಮೇಲೆ ಅಪ್ಪ ಮೀಟರ್ ಇಲ್ಲದ ಲೆಕ್ಕ ಹೇಳಿಕೊಟ್ಟರು. ಚೆನ್ನಾಗಿ ಬಿಸಿಲಿದ್ದರೆ ಅಪರ್ಚರ್ 16ಕ್ಕೆ ಇಡು. ಶಟರ್ ಸ್ಪೀಡ್, ಫಿಲಂ ಡಬ್ಬಿಯ ಮೇಲಿರುವ ಐಎಸ್‌ಒ ನಂಬರಿಗೆ ಹತ್ತಿರದ್ದು. 400ರ ಫಿಲಂ ಆದರೆ 1/500. ಮೋಡ ಕವಿದರೆ ಅಪರ್ಚರ್ 8ಕ್ಕೆ ತಾ. ಮರದ ನೆರಳಾದರೆ ಇನ್ನೂ ಒಂದು ಮೆಟ್ಟಿಲು. ತೆಂಗಿನ ತೋಟದಲ್ಲಿ ನಾನು ತೆಗೆದ ಮೊದಲ ರೋಲ್ ಬರೀ ಈ ಲೆಕ್ಕದ ಮೇಲೆ ನಿಂತದ್ದು. ಮೂವತ್ತಾರರಲ್ಲಿ ಇಪ್ಪತ್ತೆರಡು ಚೆನ್ನಾಗಿಯೇ ಬಂದವು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ನಾನು ಕೊಂಡ ರೋಲಿಗೆ ಸಾವಿರ ರೂಪಾಯಿಯ ಆಸುಪಾಸು. ಬೆಂಗಳೂರಿನ ಲ್ಯಾಬಿಗೆ ಕಳಿಸಿ, ತೊಳೆಸಿ, ಸ್ಕ್ಯಾನ್ ಮಾಡಿಸಿ ತರಿಸಿದರೆ ಇನ್ನೈನೂರು. ಒಂದು ಸಲ ಬೆರಳು ಒತ್ತಿದರೆ ನಲವತ್ತು ರೂಪಾಯಿ. ತಿಪಟೂರಿನಲ್ಲಿ ಅಷ್ಟಕ್ಕೆ ಮಸಾಲೆ ದೋಸೆ ಬರುತ್ತದೆ. ಕೆಲಸವಿಲ್ಲದ ಮಗ ಅಪ್ಪನ ಸಂಬಳದಲ್ಲಿ ಮೂವತ್ತಾರು ದೋಸೆ ಚೆಲ್ಲುವುದು ಯಾವ ಮನೆಯಲ್ಲೂ ಚೆಂದ ಕಾಣುವುದಿಲ್ಲ. ಹಾಗಾಗಿ ಕಪ್ಪು ಬಿಳುಪಿಗೆ ಇಳಿದು, ಮನೆಯಲ್ಲೇ ತೊಳೆಯಲು ನಿರ್ಧರಿಸಿದೆ.

‘ಡೆವಲಪರ್ ಯಾವುದು ತರಲಿ?’ ಎಂದು ಕೇಳಿದ್ದೇ ತಡ, ಮಗ್ಗಿ ಒಪ್ಪಿಸುವಂತೆ ಹೇಳಿದರು: ‘ಮೆಟಾಲ್ ಎರಡು, ಸಲ್ಫೈಟ್ ನೂರು, ಹೈಡ್ರೋಕ್ವಿನೋನ್ ಐದು, ಬೋರಾಕ್ಸ್ ಎರಡು. ಲೀಟರಿಗೆ.’ ಗ್ರಾಂ ಲೆಕ್ಕ ಅದು. ಡಿ–76 ಎಂಬ ಹಳೇ ಡೆವಲಪರಿನ ಸೂತ್ರ. ಕೊಬ್ಬರಿ ದರ ಬರೆಯುವ ತಲೆಯಲ್ಲಿ ಇಷ್ಟು ವರ್ಷ ಇದು ಎಲ್ಲಿ ಕೂತಿತ್ತೋ. ಅವರ ಕಾಲದಲ್ಲಿ ಪಾಸ್‌ಪೋರ್ಟ್ ಫೋಟೊಗೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್‌ನ ‘ಇಂದು’ ಬ್ರಾಂಡಿನ ಮಾಲು ಬರುತ್ತಿತ್ತಂತೆ. ಸರ್ಕಾರಿ ಕಾರ್ಖಾನೆ, ಈಗ ಮುಚ್ಚಿದೆ. ನಾನು ತಂದದ್ದು ಇಂಗ್ಲೆಂಡಿನ ಇಲ್ಫರ್ಡ್ ಕಂಪನಿಯ ಎಚ್‌ಪಿ5. ಡಿ–76ಕ್ಕೆ ಸಮ ಪಾಲು ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ಬೇಸಿಗೆಯಲ್ಲಿ ನಮ್ಮೂರ ನಲ್ಲಿ ನೀರು 20 ಡಿಗ್ರಿಗೆ ಇಳಿಯುವುದು ಕನಸು. ಅಮ್ಮನ ಮಡಕೆ ನೀರು, ಫ್ರಿಜ್ಜಿನ ಐಸು ಎರಡನ್ನೂ ಟಬ್ಬಿಗೆ ಸುರಿದು, ಅದರಲ್ಲಿ ಬಾಟಲಿ ಮುಳುಗಿಸಿ ಕಾಯುತ್ತೇನೆ. ಫಿಲಂ ಅನ್ನು ಟ್ಯಾಂಕಿಗೆ ತುಂಬುವುದು ರಾತ್ರಿ, ಬಚ್ಚಲುಮನೆಯ ಬಾಗಿಲ ಸಂದಿಗೆ ಟವೆಲ್ ತುರುಕಿ. ಹೈಪೋದಲ್ಲಿ ನೆನೆಸಿ ತೊಳೆದು, ಬಟ್ಟೆ ಕ್ಲಿಪ್ಪಿಗೆ ನೇತುಹಾಕಿದ ಮೊದಲ ಪಟ್ಟಿಯನ್ನು ನೋಡಿ ಅಮ್ಮ ‘ಇನ್ಮೇಲೆ ನನ್ನ ಸೀರೆ ಎಲ್ಲಿ ಒಣಹಾಕ್ಲಿ?’ ಎಂದರು. ಅಪ್ಪ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘ಸ್ವಲ್ಪ ಜಾಸ್ತಿ ಕುದ್ದಿದೆ’ ಎಂದರು.

ತೊಳೆದ ಮೇಲಿನ ಕೆಲಸ ಸ್ಕ್ಯಾನಿಂಗ್. ಆಫೀಸಿನ ಝೆರಾಕ್ಸ್ ಸ್ಕ್ಯಾನರ್ ಇದಕ್ಕೆ ಆಗುವುದಿಲ್ಲ, ನೆಗೆಟಿವ್‌ಗೆ ಬೆಳಕು ಹಿಂದಿನಿಂದ ಬರಬೇಕು. ಚಿತ್ರ ಬಿಡಿಸುವವರು ಇಟ್ಟುಕೊಳ್ಳುವ ಲೈಟ್ ಪ್ಯಾಡ್ ಒಂದನ್ನು ಕೊಂಡೆ. ಅದರ ಮೇಲೆ ನೆಗೆಟಿವ್ ಇಟ್ಟು, ಸುತ್ತ ಕಪ್ಪು ರಟ್ಟು ಮುಚ್ಚಿ, ಗೆಳೆಯನ ಡಿಜಿಟಲ್ ಕ್ಯಾಮೆರಾವನ್ನು ಮೇಲಿನಿಂದ ಬಗ್ಗಿಸಿ ತೆಗೆಯುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದರೆ ಮುಗಿಯಿತು. ಕಲರ್ ನೆಗೆಟಿವ್‌ನದು ಬೇರೆ ಗೋಳು. ಅದರ ಮೈಗೆಲ್ಲ ಒಂದು ಕಿತ್ತಳೆ ಬಣ್ಣ ಇರುತ್ತದೆ, ಸುಮ್ಮನೆ ತಿರುಗಿಸಿದರೆ ಮದುವೆ ಮನೆಯವರೆಲ್ಲ ನೀಲಿ ನೀಲಿ. ಧೂಳನ್ನು ಅಂಗಿಯಲ್ಲಿ ಒರೆಸಬೇಡಿ, ಗೀರು ಬಿದ್ದರೆ ಹೋಗುವುದಿಲ್ಲ. ಗಾಳಿ ಊದುವ ರಬ್ಬರ್ ಬ್ಲೋವರ್ ಸಾಕು.

ನನ್ನ ರೋಲುಗಳು ಬೇಗ ಮುಗಿದವು. ಇನ್ನೊಂದು ಕೊಳ್ಳಲು ದುಡ್ಡಿಲ್ಲದ ಒಂದು ವಾರ ಅಟ್ಟದಲ್ಲಿದ್ದ ಅಪ್ಪನ ಡಬ್ಬಗಳಿಗೆ ಕೈ ಹಾಕಿದೆ. ಬಿಸ್ಕತ್ತಿನ ತಗಡಿನ ಡಬ್ಬ, ಶೂ ಬಾಕ್ಸು, ಎಲ್ಲ ಸೇರಿ ನಲವತ್ತರ ಹತ್ತಿರ. ಪ್ರತಿ ಡಬ್ಬದಲ್ಲೂ ಆರಾರು ಚಿತ್ರದ ಪಟ್ಟಿಗಳು, ಕವರಿನ ಮೇಲೆ ತಾರೀಕು. ಕೆಲವು ಡಬ್ಬ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಶೆಕೆ, ತೇವಕ್ಕೆ ಹಳೇ ಫಿಲಂ ಒಳಗೊಳಗೇ ಹುಳಿಯಾಗಿ ಮುದುಡುವ ಕಾಯಿಲೆ ಅದು. ಶುರುವಾದರೆ ಗುಣವಿಲ್ಲ, ಪೂರ್ತಿ ಹಾಳಾಗುವ ಮೊದಲು ಸ್ಕ್ಯಾನ್ ಮಾಡಿಕೊಳ್ಳಬೇಕು ಅಷ್ಟೆ. ನಿಮ್ಮ ಮನೆಯಲ್ಲೂ ಆಲ್ಬಂ ಹಿಂದಿನ ಕವರಿನಲ್ಲಿ ಇಂಥ ಪಟ್ಟಿಗಳಿರುತ್ತವೆ. ಕಾಪಿಯನ್ನು ಜೋಪಾನ ಮಾಡಿ ನೆಗೆಟಿವ್ ಎಸೆಯುವವರೇ ಜಾಸ್ತಿ. ಒಮ್ಮೆ ಮೂಗಿಗೆ ಹಿಡಿದು ನೋಡಿ.

ಒಂದು ಹೆಣ್ಣುಮಗಳ ಫೋಟೊ ಕಂಪ್ಯೂಟರಿನ ಮೇಲೆ ಮೂಡಿದಾಗ ಹಿಂದೆ ನಿಂತಿದ್ದ ಅಮ್ಮ ನಕ್ಕರು. ‘ಸೆರಗು ಬಲ ಹೆಗಲಿಗೆ ಬಂದೈತೆ ನೋಡೋ.’ ಪಟ್ಟಿಯನ್ನು ಮಗುಚಿ ಇಟ್ಟಿದ್ದೆ. ಹೊಳಪಿನ ಮೈ ಕ್ಯಾಮೆರಾ ಕಡೆಗಿರಬೇಕು, ಅಂಚಿನ ನಂಬರುಗಳು ಆಗ ನೇರವಾಗಿ ಓದಲು ಬರುತ್ತವೆ. ಸರಿ ಮಾಡಿದೆ. ಹಂಸ, ಕೆರೆ ಬರೆದ ಪರದೆ, ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡು, ಅದರ ಮೇಲೆ ಕೈಯಿಟ್ಟು ನಿಂತ ಹುಡುಗಿ. ಕವರಿನ ಮೇಲೆ 1989. ಗಂಡಿನ ಕಡೆಯವರಿಗೆ ಕಳಿಸಲು ತೆಗೆಸುತ್ತಿದ್ದ ಫೋಟೊ. ಆಕೆ ಕ್ಯಾಮೆರಾವನ್ನು ನೋಡುತ್ತಿರಲಿಲ್ಲ, ಪಕ್ಕದಲ್ಲಿ ಯಾರನ್ನೋ ನೋಡಿ ನಗು ತಡೆದುಕೊಳ್ಳುತ್ತಿದ್ದಳು. ಎಷ್ಟು ಚೆನ್ನಾಗಿತ್ತೆಂದರೆ, ಆ ರಾತ್ರಿಯೇ ಇನ್‌ಸ್ಟಾಗ್ರಾಂಗೆ ಹಾಕಿದೆ. ಅಪ್ಪನ ಇಂಥದೇ ಹತ್ತು ಫೋಟೊ ಸೇರಿಸಿ ಹಳೇ ಹಾಡಿನ ಜತೆ ಒಂದು ರೀಲ್ಸ್ ಕೂಡ. ನನ್ನ ಸ್ವಂತ ಫೋಟೊಗಳಿಗೆ ನಲವತ್ತು ಲೈಕ್ ದಾಟಿದ್ದಿಲ್ಲ. ಇದಕ್ಕೆ ಎರಡು ದಿನದಲ್ಲಿ ಮೂರು ಸಾವಿರ.

ಮೂರನೇ ದಿನ ಒಂದು ಮೆಸೇಜು. ‘ಇವರು ನಮ್ಮ ಅತ್ತೆ. ದಯವಿಟ್ಟು ತೆಗೀರಿ.’ ಮದುವೆಯಾಗಿ ಎರಡು ವರ್ಷಕ್ಕೆ ತೀರಿಕೊಂಡರಂತೆ. ಹೇಗೆ ಎಂದು ಆತ ಬರೆಯಲಿಲ್ಲ, ನಾನು ಕೇಳಲಿಲ್ಲ. ಕೆಳಗೆ ಯಾರು ಯಾರೋ ಹಾಕಿದ್ದ ಹಾರ್ಟುಗಳು, ‘ಯಾವೂರ ಸುಂದರಿ’ ಎಂಬ ಕಾಮೆಂಟುಗಳು. ಎಲ್ಲವನ್ನೂ ಅಳಿಸಿದೆ. ಅಪ್ಪನಿಗೆ ಹೇಳಿದಾಗ ಅವರು ಬೈಯಲಿಲ್ಲ. ‘ನಾವು ಶೋಕೇಸಿಗೆ ಹಾಕೋದಾದ್ರೂ ಕೇಳಿ ಹಾಕ್ತಿದ್ವಿ’ ಎಂದರು. ಬೈದಿದ್ದರೆ ವಾಸಿಯಿತ್ತು.

ಅಂದು ರಾತ್ರಿ ಅದೇ ಹುಡುಗನಿಂದ ಇನ್ನೊಂದು ಮೆಸೇಜು. ‘ಅದರದ್ದು ಒಂದು ಕಾಪಿ ಸಿಗುತ್ತಾ? ಮನೆಯಲ್ಲಿ ಅತ್ತೆಯ ಒಂದು ಫೋಟೊ ಕೂಡ ಇಲ್ಲ.’

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹುಳಿಯಾರು ರಸ್ತೆಯ ಆ ಹಳ್ಳಿಗೆ ನಾನೇ ಹೋದೆ. ಆಕೆಯ ತಾಯಿಗೆ ಈಗ ಎಂಬತ್ತರ ಸಮೀಪ. ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಫೋಟೊವನ್ನು ಮಡಿಲಲ್ಲಿ ಇಟ್ಟುಕೊಂಡು, ಬೆರಳಲ್ಲಿ ಸೀರೆಯ ಅಂಚು ಸವರಿ, ‘ಇದು ನನ್ನ ಸೀರೆ’ ಎಂದರು. ಪಕ್ಕದಲ್ಲಿ ನಿಂತು ನಗಿಸಿದ್ದು ತಮ್ಮ ಮಗ, ಅಂದರೆ ಈ ಹುಡುಗನ ಅಪ್ಪ, ಎಂದರು. ಸ್ಟುಡಿಯೊದವರು ಗದರಿದ್ದೂ ಅವರಿಗೆ ನೆನಪಿತ್ತು. ಕಾಫಿ ಕುಡಿದು ಏಳುವಾಗ ಕೇಳಿದರು: ‘ಇನ್ನೊಂದು ಇತ್ತಲ್ಲಪ್ಪ, ಕುಂತಿರೋದು?’

ಮನೆಗೆ ಬಂದು ಪಟ್ಟಿ ನೋಡಿದೆ. ನಿಂತ ಫೋಟೊದ ಕೆಳಗೆ ಅಂಚಿನಲ್ಲಿ 18 ಎಂದಿದೆ, ಆ ಪಟ್ಟಿಯ ಕೊನೆಯ ಚಿತ್ರ ಅದು. ಕೂತದ್ದು 19 ಆಗಿರಬೇಕು, ಅಂದರೆ ಮುಂದಿನ ಪಟ್ಟಿಯ ಮೊದಲನೆಯದು. ಮುಂದಿನ ಕವರಿನಲ್ಲಿ ಅದಿಲ್ಲ. ಆ ತಿಂಗಳ ಕವರುಗಳೇ ಅರ್ಧಕ್ಕರ್ಧ ಇಲ್ಲ.

ಕಾರಣ ಅಪ್ಪನಿಗೆ ಗೊತ್ತಿತ್ತು. 2010ರಲ್ಲಿ ಸ್ಟುಡಿಯೊ ಖಾಲಿ ಮಾಡುವಾಗ ಬೆಳ್ಳಿ ತೆಗೆಯುವವನೊಬ್ಬ ಬಂದಿದ್ದನಂತೆ. ಕಪ್ಪು ಬಿಳುಪು ಫಿಲಂನಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯೇ. ಕಲರ್ ಫಿಲಂನಲ್ಲಿ ತೊಳೆಯುವಾಗಲೇ ಬೆಳ್ಳಿಯೆಲ್ಲ ಹೊರಟುಹೋಗಿ ಬಣ್ಣ ಮಾತ್ರ ಉಳಿಯುತ್ತದೆ. ಹಾಗಾಗಿ ಕಲರ್ ಪಟ್ಟಿಗಳನ್ನು ಬಿಟ್ಟು, ಕಪ್ಪು ಬಿಳುಪನ್ನು ಮಾತ್ರ ಆರಿಸಿ, ಮೂರು ಚೀಲ ತೂಕಕ್ಕೆ ಕೊಂಡುಹೋದ. ‘ಬಾಡಿಗೆ ನಾಲ್ಕು ತಿಂಗಳದ್ದು ಬಾಕಿ ಇತ್ತು’ ಎಂದರು ಅಪ್ಪ. ಮತ್ತೇನೂ ಹೇಳಲಿಲ್ಲ. ಅಮ್ಮ ಅಡ್ಡ ಬಂದಿದ್ದರಿಂದ ಕೊನೆಯ ಕೆಲವು ಡಬ್ಬ ಉಳಿದವಂತೆ.

ಆ ಉಳಿದವುಗಳಲ್ಲಿ ಪಟ್ಟಿಗಳು ಕಲಸಿಹೋಗಿವೆ, ಆದ್ದರಿಂದ ಒಂದೊಂದನ್ನೂ ನೋಡಲೇಬೇಕು. ಈಗ ಫೋಟೊ ಹಾಕುವ ಮೊದಲು ಅದರಲ್ಲಿರುವವರನ್ನು ಹುಡುಕುತ್ತೇನೆ. ಸಿಗದಿದ್ದರೆ ಹಾಕುವುದಿಲ್ಲ. ಊರಿನವರು ಕೆಲವರು ತಮ್ಮ ನೆಗೆಟಿವ್ ತಂದುಕೊಡುತ್ತಾರೆ, ಒಂದು ಚಿತ್ರಕ್ಕೆ ಹತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ. ಕಳೆದ ತಿಂಗಳು 1,800 ಬಂತು. ಇದರಿಂದ ಹೊಟ್ಟೆ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೋಲಿನ ಖರ್ಚು ಹುಟ್ಟುತ್ತದೆ, ಅಷ್ಟೇ. ಫಲಿತಾಂಶ ಇನ್ನೂ ಬಂದಿಲ್ಲ.

ಅಪ್ಪ ಈಗ ಮಂಡಿಯಿಂದ ಬಂದವರು ಊಟಕ್ಕೆ ಕೂರುವ ಮೊದಲು ಒಂದು ಡಬ್ಬ ಇಳಿಸಿಕೊಳ್ಳುತ್ತಾರೆ. ಕನ್ನಡಕ ಹಣೆಗೇರಿಸಿ, ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಅಂಚಿನ ನಂಬರ್ ಓದುತ್ತಾರೆ. ನಿನ್ನೆ ಒಂದು 19 ಸಿಕ್ಕಿತು. ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದೆವು. ಯಾವುದೋ ಮಗುವಿನ ನಾಮಕರಣ. ಅಪ್ಪ ಅದನ್ನು ಪಕ್ಕಕ್ಕಿಟ್ಟು ಮುಂದಿನ ಪಟ್ಟಿ ತೆಗೆದುಕೊಂಡರು.